ಎಲುಬಿನ ಬಾಗಿಲು ಮುಚ್ಚಿದ ವೈದ್ಯ: ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್

ಮಗು ಹುಟ್ಟಿತೆಂದ ಕೂಡಲೇ ಹೊರಗೆ ಕಾದಿರುವವರು ಕೇಳುವುದು ಗಂಡೋ ಹೆಣ್ಣೋ ಎಂದು. ಹೆತ್ತವಳ ಕಣ್ಣು ಮಾತ್ರ ಮಗುವಿನ ಕೈಕಾಲು, ಬೆರಳು, ಮುಖ ಎಲ್ಲವೂ ಸರಿಯಾಗಿವೆಯೇ ಎಂದು ಹುಡುಕುತ್ತದೆ. ಹೀಗೆ ನೋಡುವಾಗ, 30ರಿಂದ 50 ಸಾವಿರ ಹೆರಿಗೆಗಳಲ್ಲಿ ಒಂದರಲ್ಲಿ, ಹೊಕ್ಕುಳಿನ ಕೆಳಗೆ ಚರ್ಮವಿರಬೇಕಾದ ಜಾಗದಲ್ಲಿ ಕೆಂಪಗೆ, ಒದ್ದೆಯಾಗಿ, ಹೂವಿನಂತೆ ಅರಳಿದ ಮಾಂಸವೊಂದು ಕಾಣಿಸುತ್ತದೆ. ಅದು ಹುಣ್ಣಲ್ಲ, ಗೆಡ್ಡೆಯಲ್ಲ. ಒಳಗಿರಬೇಕಾದ ಮೂತ್ರಕೋಶವೇ ಮುಂಭಾಗದ ಗೋಡೆಯಿಲ್ಲದೆ ಹೊರಕ್ಕೆ ತೆರೆದುಕೊಂಡಿರುತ್ತದೆ. ಎರಡು ಮೂತ್ರಪಿಂಡಗಳಿಂದ ಇಳಿದು ಬರುವ ಮೂತ್ರ ಅಲ್ಲಿ ನಿಲ್ಲದೆ ಹಗಲಿರುಳು ತೊಟ್ಟಿಕ್ಕುತ್ತಲೇ ಇರುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇದು ಹೆಚ್ಚು. ವೈದ್ಯರು ಇದನ್ನು ಎಕ್ಸ್‌ಟ್ರೋಫಿ ಎನ್ನುತ್ತಾರೆ.

ಭದ್ರಾ ನಾಲೆಯ ನೀರು, ಅಡಿಕೆ ತೋಟ, ಭತ್ತದ ಗದ್ದೆಗಳ ನಮ್ಮ ಚನ್ನಗಿರಿ ಸೀಮೆಯಲ್ಲಿ, ತ್ಯಾವಣಿಗೆಯಂಥ ಊರಿನಲ್ಲಿ ಇಂತಹ ಮಗು ಹುಟ್ಟಿದರೆ ಏನಾಗುತ್ತದೆ? ಮೊದಲು ಬರುವ ಮಾತು ಗ್ರಹಣದ್ದು. ಬಸುರಿ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು, ಕತ್ತಿ ಹಿಡಿದಳು, ತರಕಾರಿ ಹೆಚ್ಚಿದಳು ಎಂದು ದೂರು ಅವಳ ಮೇಲೆಯೇ ಬೀಳುತ್ತದೆ. ಗಂಡನ ಮನೆಯವರು ತವರಿನ ಕಡೆಗೆ, ತವರಿನವರು ಗಂಡನ ಮನೆಯ ಕಡೆಗೆ ಬೆರಳು ತೋರಿಸುತ್ತಾರೆ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಒಳಕೋಣೆಯಲ್ಲಿ ಇಡುತ್ತಾರೆ. ಈ ಎಲ್ಲ ಮಾತುಗಳಲ್ಲಿ ಒಂದಕ್ಕೂ ಆಧಾರವಿಲ್ಲ. ಬಸುರಿನ ಮೊದಲ ಎರಡು ತಿಂಗಳ ಆಸುಪಾಸಿನಲ್ಲಿ, ಎಷ್ಟೋ ಸಲ ತಾಯಿಗೆ ತಾನು ಬಸುರಿ ಎಂಬುದೇ ಗಟ್ಟಿಯಾಗಿರದ ದಿನಗಳಲ್ಲಿ, ಭ್ರೂಣದ ಹೊಟ್ಟೆಯ ಕೆಳಭಾಗದ ತೆಳುಪೊರೆಯೊಳಗೆ ಮಾಂಸಖಂಡಗಳಾಗಬೇಕಾದ ಅಂಶ ಬಂದು ಸೇರದಿದ್ದರೆ, ಆ ಪೊರೆ ಹೊತ್ತಿಗೆ ಮುಂಚೆ ಬಿರಿಯುತ್ತದೆ. ಅದು ಯಾರ ತಪ್ಪೂ ಅಲ್ಲ.

ಈ ಮಕ್ಕಳಿಗೆ ಏನಾದರೂ ಮಾಡಬಹುದು ಎಂದು ಹೊರಟು, ಅದರ ಬೇರು ಎಲ್ಲಿದೆ ಎಂದು ಕಂಡುಕೊಂಡ ವೈದ್ಯರೊಬ್ಬರ ಬದುಕನ್ನು ಇಂದು ನಿಮ್ಮ ಮುಂದಿಡುತ್ತಿದ್ದೇವೆ. ಅವರ ಹೆಸರು ನಮ್ಮ ಆಸ್ಪತ್ರೆಗಳ ನರ್ಸಮ್ಮನವರಿಗೆಲ್ಲ ಗೊತ್ತು. ಮಂಚದ ತಲೆಯ ಕಡೆಯನ್ನು ತಗ್ಗಿಸಿ, ಕಾಲಿನ ಕಡೆಯನ್ನು ಎತ್ತರಿಸಿ ಎಂದು ಹೇಳುವ ಬದಲು ಟ್ರೆಂಡೆಲೆನ್‌ಬರ್ಗ್ ಭಂಗಿ ಕೊಡಿ ಎಂದರೆ ಸಾಕು. ಆ ಹೆಸರಿನ ಹಿಂದೆ ಒಬ್ಬ ಮನುಷ್ಯರಿದ್ದರು, ಅವರು ತಮ್ಮ ಮೊದಲ ವೈದ್ಯಕೀಯ ಪ್ರಬಂಧವನ್ನು ಬರೆದದ್ದು ನಮ್ಮ ಭಾರತದ ಮೇಲೆಯೇ ಎಂಬುದು ಮಾತ್ರ ಹೆಚ್ಚು ಜನಕ್ಕೆ ತಿಳಿಯದು.

ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್ 1844ರ ಮೇ 24ರಂದು ಜರ್ಮನಿಯ ಬರ್ಲಿನ್ ನಗರದಲ್ಲಿ ಜನಿಸಿದರು. ಅವರ ತಂದೆ ಫ್ರೀಡ್ರಿಕ್ ಅಡಾಲ್ಫ್ ಟ್ರೆಂಡೆಲೆನ್‌ಬರ್ಗ್ ಹೆಸರಾಂತ ತತ್ವಶಾಸ್ತ್ರಜ್ಞರು. ಸಂತ ತೋಮಸ್ ಅಕ್ವಿನಾಸರಿಗೆ ಆಧಾರವಾಗಿದ್ದ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನನ್ನು ಆ ಕಾಲದ ಜರ್ಮನಿಗೆ ಮತ್ತೆ ಓದಿಸಿದವರಲ್ಲಿ ಅವರು ಮುಖ್ಯರು. ಮನೆಯಲ್ಲಿ ಪುಸ್ತಕಗಳಿಗೆ, ಭಾಷೆಗಳಿಗೆ, ವಾದಕ್ಕೆ ಕೊರತೆಯಿರಲಿಲ್ಲ. ಮಗ ಮಾತ್ರ ಪುಸ್ತಕಕ್ಕಿಂತ ಕತ್ತರಿಯನ್ನು ಆರಿಸಿಕೊಂಡರು. ಹದಿಹರೆಯದಲ್ಲೇ ಸ್ಕಾಟ್‌ಲೆಂಡಿನ ಗ್ಲ್ಯಾಸ್ಗೋಗೆ ಹೋಗಿ ಅಂಗರಚನಾಶಾಸ್ತ್ರವನ್ನು ಕಲಿತು, ಬರ್ಲಿನಿಗೆ ಮರಳಿ, ಆ ಕಾಲದ ಮಹಾನ್ ಶಸ್ತ್ರವೈದ್ಯ ಬರ್ನ್‌ಹಾರ್ಡ್ ಫಾನ್ ಲಾಂಗನ್‌ಬೆಕ್‌ರ ಶಿಷ್ಯರಾದರು.

1866ರಲ್ಲಿ ಡಾಕ್ಟರೇಟ್ ಪದವಿಗಾಗಿ ಅವರು ಆರಿಸಿದ ವಿಷಯ ಪ್ರಾಚೀನ ಭಾರತೀಯರ ಶಸ್ತ್ರವೈದ್ಯ. ಅಂದಿನ ಪದ್ಧತಿಯಂತೆ ಪ್ರಬಂಧವನ್ನು ಲ್ಯಾಟಿನಿನಲ್ಲಿ ಬರೆದರು. ಇದು ವಿಚಿತ್ರವೇನಲ್ಲ. ಜರ್ಮನಿಯ ಶಸ್ತ್ರವೈದ್ಯರಿಗೆ ಭಾರತದ ಮೇಲೆ ಆಗಲೇ ಗೌರವವಿತ್ತು, ಆ ಗೌರವಕ್ಕೆ ಕಾರಣವಾದ ಕಥೆಯ ಒಂದು ತುದಿ ನಮ್ಮ ಕನ್ನಡ ನಾಡಿನಲ್ಲೇ ಇದೆ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸಜಿ ಎಂಬ ಮರಾಠಾ ಗಾಡಿಯವನು ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡಿದ್ದ. ಪುಣೆಯ ಬಳಿ ಕುಲಕಸುಬಿನ ಶಸ್ತ್ರವೈದ್ಯನೊಬ್ಬ ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಈ ಸುದ್ದಿಯನ್ನು ಚಿತ್ರಸಹಿತ ಅಚ್ಚು ಹಾಕಿತು. ಯೂರೋಪಿನ ವೈದ್ಯರು ಬೆರಗಾಗಿ, ಅದನ್ನೇ ಮಾಡಲು ಕಲಿತರು. ಹಣೆಯಿಂದ ಚರ್ಮ ತಂದು ಮೂಗು ಕಟ್ಟಬಹುದಾದರೆ, ಪಕ್ಕದ ಚರ್ಮ ತಂದು ಮತ್ತೆಲ್ಲೆಲ್ಲಿ ಏನೇನು ಮುಚ್ಚಬಹುದು ಎಂಬ ಯೋಚನೆ ಅಲ್ಲಿಂದ ಬೆಳೆಯಿತು.

ಪ್ರಾಚೀನ ಭಾರತದ ಶಸ್ತ್ರವೈದ್ಯ ಎಂದರೆ ಸುಶ್ರುತ ಸಂಹಿತೆಯೇ ಮುಖ್ಯ. ಅದರಲ್ಲಿ ಮೂತ್ರಕೋಶದ ಕಲ್ಲಿನ ಬಗ್ಗೆ ದೀರ್ಘವಾದ ವಿವರಣೆಯಿದೆ. ಈ ಕಲ್ಲು ಹೆಚ್ಚಾಗಿ ಮಕ್ಕಳಲ್ಲಿ ಆಗುತ್ತದೆ, ಅವರ ಮೂತ್ರಕೋಶ ಚಿಕ್ಕದಾದ್ದರಿಂದ ತೆಗೆಯುವುದೂ ಸುಲಭ ಎಂದು ಗ್ರಂಥ ಹೇಳುತ್ತದೆ. ಕೈಹಾಕದಿದ್ದರೆ ಸಾವು ಖಂಡಿತ, ಕೈಹಾಕಿದರೆ ಬದುಕು ಸಂಶಯ ಎಂಬಂಥ ಸ್ಥಿತಿಯಲ್ಲಿ ವೈದ್ಯನು ಮೊದಲು ರಾಜನ ಅನುಮತಿ ಪಡೆದೇ ಮುಂದುವರಿಯಬೇಕು ಎಂಬ ಎಚ್ಚರಿಕೆಯೂ ಅಲ್ಲಿದೆ. ಇಂದಿನ ಆಸ್ಪತ್ರೆಗಳಲ್ಲಿ ತಂದೆತಾಯಿ ಸಹಿ ಹಾಕುವ ಒಪ್ಪಿಗೆ ಪತ್ರದ ಅಜ್ಜನೆಂದು ಅದನ್ನು ಕರೆಯಬಹುದು. ಇಪ್ಪತ್ತೆರಡರ ಪ್ರಾಯದಲ್ಲಿ ಈ ಲೋಕವನ್ನು ಹೊಕ್ಕು ಬಂದ ಟ್ರೆಂಡೆಲೆನ್‌ಬರ್ಗ್ ಮುಂದೆ ತಮ್ಮ ಬಾಳಿನ ಬಹುಭಾಗವನ್ನು ಮೂತ್ರಕೋಶದ ಸುತ್ತಲೇ ಕಳೆದದ್ದು ಕಾಕತಾಳೀಯವೋ ಏನೋ.

ಲಾಂಗನ್‌ಬೆಕ್‌ರ ಸಹಾಯಕರಾಗಿದ್ದಾಗಲೇ ಅವರ ಕೈಚಳಕ ಬೆಳಕಿಗೆ ಬಂತು. ಬಾಯಿ, ದವಡೆಗಳ ಶಸ್ತ್ರಕ್ರಿಯೆಯಲ್ಲಿ ರಕ್ತ ಶ್ವಾಸನಾಳಕ್ಕಿಳಿದು ರೋಗಿ ಉಸಿರುಕಟ್ಟಿ ಸಾಯುವುದು ಆಗ ಸಾಮಾನ್ಯವಾಗಿತ್ತು. ಟ್ರೆಂಡೆಲೆನ್‌ಬರ್ಗ್ ಕತ್ತಿನಲ್ಲಿ ರಂಧ್ರ ಮಾಡಿ, ಸುತ್ತ ಗಾಳಿ ತುಂಬಿ ಉಬ್ಬಿಸಬಹುದಾದ ಚೀಲವಿರುವ ನಳಿಕೆಯನ್ನು ಶ್ವಾಸನಾಳದೊಳಗಿಟ್ಟು, ಅದರ ಮೂಲಕವೇ ಕ್ಲೋರೋಫಾರ್ಮ್ ಕೊಟ್ಟರು. ಇಂದು ಐಸಿಯುನಲ್ಲಿ ವೆಂಟಿಲೇಟರಿಗೆ ಜೋಡಿಸುವ ನಳಿಕೆಯ ತುದಿಯಲ್ಲಿರುವ ಪುಟ್ಟ ಬಲೂನಿನ ಮೂಲ ಇಲ್ಲಿದೆ. 1872ರಲ್ಲಿ ಜರ್ಮನ್ ಶಸ್ತ್ರವೈದ್ಯರ ಸಂಘ ಹುಟ್ಟಿದಾಗ ಅದರ ಸ್ಥಾಪಕರಲ್ಲಿ ಅವರೂ ಒಬ್ಬರು. 1875ರಲ್ಲಿ ರೋಸ್ಟಾಕ್, 1882ರಲ್ಲಿ ಬಾನ್, 1895ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾನಿಲಯಗಳಲ್ಲಿ ಪ್ರಾಧ್ಯಾಪಕರಾದರು. ಅದೇ ಪೀಳಿಗೆಯ ಮತ್ತೊಬ್ಬ ಜರ್ಮನ್, ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್, ಇದೇ ವರ್ಷಗಳಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಔಷಧಿ ಹಂಚಲು 1880ರಲ್ಲಿ ತೊಡಗಿದ್ದರು ಎಂಬುದನ್ನು ನಮ್ಮ ಓದುಗರು ನೆನಪಿಸಿಕೊಳ್ಳಬಹುದು.

ಇನ್ನು ಆ ಪ್ರಸಿದ್ಧ ಭಂಗಿಯ ವಿಷಯ. ಹೊಟ್ಟೆಯ ಕೆಳಭಾಗದಲ್ಲಿ ಕೆಲಸ ಮಾಡುವಾಗ ಕರುಳುಗಳು ಅಡ್ಡ ಬರುತ್ತವೆ. ರೋಗಿಯ ಸೊಂಟವನ್ನು ಎತ್ತರಿಸಿ ತಲೆಯನ್ನು ತಗ್ಗಿಸಿದರೆ ಕರುಳುಗಳು ತಾವಾಗಿ ಎದೆಯ ಕಡೆ ಸರಿದು, ಮೂತ್ರಕೋಶ ಕಣ್ಣೆದುರು ತೆರೆದುಕೊಳ್ಳುತ್ತದೆ. ಇಷ್ಟು ಸರಳ. ಮೊದಮೊದಲು ಅದಕ್ಕೆ ಯಂತ್ರದ ಮೇಜೂ ಇರಲಿಲ್ಲ, ಆಳೊಬ್ಬ ರೋಗಿಯ ಕಾಲುಗಳನ್ನು ತನ್ನ ಹೆಗಲ ಮೇಲೆ ಹೊತ್ತು ನಿಲ್ಲುತ್ತಿದ್ದ. 1885ರಲ್ಲಿ ಅವರ ಶಿಷ್ಯ ವಿಲ್ಲಿ ಮೇಯರ್ ಇದನ್ನು ಬರೆದು ಪ್ರಕಟಿಸಿದರು. 1890ರಲ್ಲಿ ಟ್ರೆಂಡೆಲೆನ್‌ಬರ್ಗ್ ತಾವೇ ಬರೆದರು. ಅವರು ಬರೆದದ್ದು ಯಾರ ಸಲುವಾಗಿ ಎಂಬುದು ಮುಖ್ಯ. ಹೆರಿಗೆ ದಿನಗಟ್ಟಲೆ ಸಿಕ್ಕಿಕೊಂಡು, ಮಗುವಿನ ತಲೆ ಒತ್ತಿ, ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು ಬಿದ್ದ ತಾಯಂದಿರು ಆ ಕಾಲದಲ್ಲಿ ಅನೇಕರಿದ್ದರು. ಮಗುವೂ ಉಳಿಯದೆ, ಸದಾ ಒದ್ದೆ ಬಟ್ಟೆಯಲ್ಲಿ, ವಾಸನೆಯ ನಾಚಿಕೆಯಲ್ಲಿ, ಗಂಡನಿಂದಲೂ ದೂರವಾಗಿ ಬದುಕುತ್ತಿದ್ದ ಅವರ ಆ ತೂತನ್ನು ಹೊಲಿಯಲು ಈ ಭಂಗಿ ಬೇಕಾಗಿತ್ತು. ಮುಂದೆ ಮೊದಲ ಮಹಾಯುದ್ಧದ ಕಾಲದಲ್ಲಿ ರಕ್ತದೊತ್ತಡ ಕುಸಿದವರಿಗೆಲ್ಲ ತಲೆ ತಗ್ಗಿಸುವ ರೂಢಿ ಬಂತು. ಅದರಿಂದ ಹೆಚ್ಚಿನ ಪ್ರಯೋಜನವಿಲ್ಲವೆಂದು ಈಗ ತಿಳಿದಿದೆ. ಆ ಉಪಯೋಗ ಟ್ರೆಂಡೆಲೆನ್‌ಬರ್ಗ್ ಹೇಳಿದ್ದಲ್ಲ, ಹೆಸರು ಮಾತ್ರ ಅವರದು.

ಮೂತ್ರ ನಿಲ್ಲದೆ ಸೋರುವ ತಾಯಿಯನ್ನು ಕಂಡವರು ಮೂತ್ರ ನಿಲ್ಲದೆ ಸೋರುವ ಮಗುವನ್ನು ಕಾಣದಿರಲು ಸಾಧ್ಯವಿಲ್ಲ. ತೆರೆದ ಮೂತ್ರಕೋಶದ ಮಕ್ಕಳಿಗೆ ಅದುವರೆಗೆ ಎರಡು ದಾರಿಗಳನ್ನು ಹುಡುಕಲಾಗಿತ್ತು. ಒಂದು, ಮೂತ್ರವನ್ನು ಬೇರೆ ಕಡೆ ತಿರುಗಿಸುವುದು. ಲಂಡನ್ನಿನ ಜಾನ್ ಸೈಮನ್ 1851ರಲ್ಲಿ ಒಬ್ಬ ಹುಡುಗನ ಮೂತ್ರನಾಳಗಳು ಗುದನಾಳಕ್ಕೆ ತೆರೆದುಕೊಳ್ಳುವಂತೆ ಮಾಡಿದರು. ಸುಮಾರು ಒಂದು ವರ್ಷದ ನಂತರ ಆ ಹುಡುಗ ತೀರಿಕೊಂಡ. ಇನ್ನೊಂದು, ಮೂಗು ಕಟ್ಟಿದ ಹಾಗೆ ಹೊಟ್ಟೆಯ ಚರ್ಮವನ್ನು ಮಗುಚಿ ಮೂತ್ರಕೋಶದ ಮೇಲೆ ಹೊದಿಸುವುದು. 1858ರಲ್ಲಿ ಅಮೆರಿಕದ ಪ್ಯಾಂಕೋಸ್ಟ್ ಮತ್ತು ಏಯರ್ಸ್ ಇದನ್ನು ಮಾಡಿದರು, ಲೈಪ್‌ಜಿಗ್‌ನ ಥೀರ್ಷ್ ಇದನ್ನು ಇನ್ನಷ್ಟು ತಿದ್ದಿದರು. ಹೊದಿಕೆಯೇನೋ ಆಯಿತು. ಆದರೆ ಒಳಮುಖವಾದ ಚರ್ಮದಲ್ಲಿ ಕೂದಲು ಬೆಳೆದು, ಕೂದಲಿನ ಮೇಲೆ ಕಲ್ಲು ಕಟ್ಟುತ್ತಿತ್ತು. ಮೂತ್ರವಂತೂ ನಿಲ್ಲುತ್ತಲೇ ಇರಲಿಲ್ಲ.

ಟ್ರೆಂಡೆಲೆನ್‌ಬರ್ಗ್ ಚರ್ಮವನ್ನು ಬಿಟ್ಟು ಎಲುಬನ್ನು ನೋಡಿದರು. ನಮ್ಮೆಲ್ಲರ ಸೊಂಟದ ಎಲುಬುಗಳು ಒಂದು ಉಂಗುರದಂತೆ ಸುತ್ತಿ ಬಂದು ಮುಂದೆ, ಹೊಟ್ಟೆಯ ತೀರ ಕೆಳತುದಿಯಲ್ಲಿ, ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಈ ಮಕ್ಕಳಲ್ಲಿ ಆ ಉಂಗುರ ಮುಂದೆ ತೆರೆದೇ ಇರುತ್ತದೆ. ಎರಡು ತುದಿಗಳ ನಡುವೆ ಕೆಲವು ಬೆರಳುಗಳಷ್ಟು ಅಂತರ. ಬಾಗಿಲಿನ ಎರಡು ಕಂಬಗಳು ದೂರ ನಿಂತಿರುವಾಗ ಕದವನ್ನು ಎಷ್ಟು ಎಳೆದರೂ ಮುಚ್ಚೀತೆ? ಮೂತ್ರಕೋಶದ ಅಂಚುಗಳನ್ನು ಬಿಗಿದು ಹೊಲಿದರೆ, ಎಲುಬುಗಳೇ ಎಳೆದು ಹೊಲಿಗೆ ಬಿಚ್ಚುತ್ತವೆ. ಆದ್ದರಿಂದ ಮೊದಲು ಕಂಬಗಳನ್ನು ಹತ್ತಿರ ತರಬೇಕು ಎಂಬುದು ಅವರ ಯೋಚನೆ.

ಹೇಗೆ? ಮಗುವನ್ನು ಬೋರಲು ಮಲಗಿಸಿ, ಬೆನ್ನಿನ ಕೆಳಗೆ, ಬೆನ್ನೆಲುಬಿಗೂ ಸೊಂಟದ ಎಲುಬಿಗೂ ನಡುವಿನ ಕೀಲನ್ನು ಎರಡೂ ಕಡೆ ಬಿಡಿಸಿದರು. ಹಿಂದಿನ ಕೀಲು ಸಡಿಲವಾದ ಮೇಲೆ ಎರಡು ಪಕ್ಕಗಳಿಂದ ಒತ್ತಿದರೆ ಮುಂದಿನ ತುದಿಗಳು ಹತ್ತಿರ ಬರುತ್ತವೆ. ಬಳಿಕ ಮಗುವನ್ನು ಸೊಂಟದ ಸುತ್ತ ಪಟ್ಟಿ ಹಾಕಿ, ಆ ಪಟ್ಟಿಗೆ ತೂಕಗಳನ್ನು ಕಟ್ಟಿ, ವಾರಗಟ್ಟಲೆ ಅದೇ ಒತ್ತಡದಲ್ಲಿ ಮಲಗಿಸಿದರು. ಎಲುಬುಗಳು ಹತ್ತಿರ ನಿಂತ ಮೇಲೆ ಎರಡನೆಯ ಬಾರಿ ಮೂತ್ರಕೋಶದ ಅಂಚುಗಳನ್ನು ಬಿಡಿಸಿ, ಮಗುವಿನ ಸ್ವಂತ ಮೂತ್ರಕೋಶವನ್ನೇ ಹೊಲಿದು ಚೀಲ ಮಾಡಿದರು. ತಂದ ಚರ್ಮವಿಲ್ಲ, ಕೂದಲಿಲ್ಲ. ತೂಕ ಕಟ್ಟಿಸಿಕೊಂಡು ಮಲಗಿದ ಆ ಪುಟ್ಟ ಮಕ್ಕಳನ್ನೂ, ಅಷ್ಟು ವಾರ ಅವರನ್ನು ಸಂತೈಸುತ್ತ ಕುಳಿತಿದ್ದವರನ್ನೂ ನೆನೆದರೆ ಈಗಲೂ ಮನಸ್ಸು ಭಾರವಾಗುತ್ತದೆ. ವೈದ್ಯಕೀಯ ಗ್ರಂಥಗಳಲ್ಲಿ ಅವರ ಹೆಸರುಗಳು ಸಿಗುವುದಿಲ್ಲ.

ಫಲ ಏನಾಯಿತು? ಸತ್ಯವನ್ನೇ ಹೇಳಬೇಕು. ಮೂತ್ರಕೋಶ ಮುಚ್ಚಿತು, ಆದರೆ ಮೂತ್ರವನ್ನು ಹಿಡಿದಿಡುವ ಶಕ್ತಿ ಬಾಳಿಕೆ ಬರಲಿಲ್ಲ. ಮೊದಲಿಗೆ ಆಶೆ ಹುಟ್ಟಿಸಿದ ಫಲ ಮುಂದೆ ಉಳಿಯಲಿಲ್ಲ. ಅವರು 1892ರಲ್ಲಿ ಜರ್ಮನ್ ಭಾಷೆಯಲ್ಲೂ 1906ರಲ್ಲಿ ಇಂಗ್ಲಿಷಿನಲ್ಲೂ ಈ ಕೆಲಸದ ವರದಿ ಕೊಟ್ಟರು. ಇತರ ಶಸ್ತ್ರವೈದ್ಯರು ಇದು ಅತಿ ಕಷ್ಟದ ದಾರಿ ಎಂದು ಬಿಟ್ಟರು. ಅದೇ ಕಾಲದಲ್ಲಿ ಪ್ರಾಗ್ ನಗರದ ಕಾರೆಲ್ ಮೈಡ್ಲ್ ಮೂತ್ರನಾಳಗಳನ್ನು, ಅವು ತೆರೆಯುವ ಮೂತ್ರಕೋಶದ ತುಣುಕಿನ ಸಮೇತ, ದೊಡ್ಡ ಕರುಳಿಗೆ ಜೋಡಿಸುವ ಉಪಾಯವನ್ನು ತೋರಿಸಿದ್ದರು. ಮಲದ್ವಾರದ ಬಿಗಿತವೇ ಮೂತ್ರವನ್ನೂ ತಡೆಯುತ್ತಿತ್ತು, ಮಗು ಒಣಗಿರುತ್ತಿತ್ತು. ಮುಂದಿನ ಅರ್ಧ ಶತಮಾನ ಜಗತ್ತು ಮೈಡ್ಲರ ದಾರಿಯಲ್ಲೇ ನಡೆಯಿತು. ಆ ದಾರಿಗೂ ತನ್ನದೇ ಬೆಲೆಯಿತ್ತು. ಕರುಳಿನ ಸೋಂಕು ಮೂತ್ರಪಿಂಡಗಳಿಗೆ ಏರುತ್ತಿತ್ತು, ಹಲವು ವರ್ಷಗಳ ನಂತರ ಜೋಡಣೆಯ ಜಾಗದಲ್ಲಿ ಕ್ಯಾನ್ಸರ್ ಕಾಣಿಸುವುದೂ ಇತ್ತು.

1942ರಲ್ಲಿ ಅಮೆರಿಕದ ಹ್ಯೂ ಯಂಗ್ ಒಬ್ಬ ಹುಡುಗಿಯ ಮೂತ್ರಕೋಶವನ್ನು ಮುಚ್ಚಿ, ಅವಳು ಕೆಲವು ಗಂಟೆಗಳ ಕಾಲ ಒಣಗಿರುತ್ತಾಳೆಂದು ವರದಿ ಮಾಡಿದರು. 1958ರಲ್ಲಿ ಷುಲ್ಟ್ಸ್ ಎಂಬವರು ಎಲುಬುಗಳನ್ನು ಹತ್ತಿರ ತಂದು ಮೂತ್ರಕೋಶ ಮುಚ್ಚುವ ಕೆಲಸವನ್ನು ಹೊಸ ರೀತಿಯಲ್ಲಿ ಪ್ರಕಟಿಸಿದರು. ಕೀಲು ಬಿಡಿಸುವ ಬದಲು ಸೊಂಟದ ಎಲುಬನ್ನೇ ಕತ್ತರಿಸಿ ಹೊರಳಿಸುವುದು ಅದರ ಹೊಸತನ. ಯೋಚನೆ ಮಾತ್ರ ಟ್ರೆಂಡೆಲೆನ್‌ಬರ್ಗರದೇ. ಕೆಲವರು ಕಂಡದ್ದನ್ನು ಮಾಡಲು ಅವರ ಕಾಲದ ಅರಿವಳಿಕೆ, ರಕ್ತದಾನ, ಪ್ರತಿಜೀವಕಗಳು ಸಾಲದೆ ಹೋಗುತ್ತವೆ. ಟ್ರೆಂಡೆಲೆನ್‌ಬರ್ಗ್ ಕೆಲಸ ಮಾಡಿದಾಗ ಪೆನಿಸಿಲಿನ್ ಎಂಬುದೇ ಇರಲಿಲ್ಲ.

ಇಂದು ಈ ಚಿಕಿತ್ಸೆ ಹೇಗೆ ನಡೆಯುತ್ತದೆ ಎಂದು ಮನೆಯವರು ತಿಳಿದಿರುವುದು ಒಳ್ಳೆಯದು. ಹುಟ್ಟಿದ ಮೊದಲ ಮೂರು ದಿನಗಳೊಳಗೆ ಮಗುವಿನ ಎಲುಬುಗಳು ಇನ್ನೂ ಮೃದುವಾಗಿರುತ್ತವೆ. ಆಗಲೇ ಮುಚ್ಚಲು ಸಾಧ್ಯವಾದರೆ ಕೆಲವೊಮ್ಮೆ ಎಲುಬು ಕತ್ತರಿಸದೆಯೇ ಅವನ್ನು ಹತ್ತಿರ ತರಬಹುದು. ತಡವಾದರೆ ಎಲುಬಿನ ಕೆಲಸವೂ ಬೇಕಾಗುತ್ತದೆ. ತಡವಾಯಿತೆಂದು ಕೈಬಿಡಬೇಕಾಗಿಲ್ಲ. ಒಂದೇ ಶಸ್ತ್ರಕ್ರಿಯೆಯಲ್ಲಿ ಎಲ್ಲವೂ ಮುಗಿಯುವುದು ಅಪರೂಪ. ಮೂತ್ರ ಹಿಡಿದಿಡುವ ಕತ್ತಿನ ಭಾಗವನ್ನು ಬಿಗಿಗೊಳಿಸುವ ಕೆಲಸ ಸಾಮಾನ್ಯವಾಗಿ ಮಗು ಮಾತು ತಿಳಿಯುವ, ಶಾಲೆಗೆ ಹೋಗುವ ವಯಸ್ಸಿನಲ್ಲಿ ನಡೆಯುತ್ತದೆ. ಅದೂ ಸಾಲದಿದ್ದರೆ, ಫ್ರಾನ್ಸಿನ ಮಿತ್ರೊಫನಾಫ್ 1980ರಲ್ಲಿ ತೋರಿಸಿದಂತೆ, ಮಗುವಿನ ಅಪೆಂಡಿಕ್ಸನ್ನೇ ಮೂತ್ರಕೋಶದಿಂದ ಹೊಟ್ಟೆಯ ಚರ್ಮಕ್ಕೆ ಒಂದು ಸಣ್ಣ ದಾರಿಯಾಗಿ ಮಾಡುತ್ತಾರೆ. ಮಗು ಕೆಲವು ಗಂಟೆಗಳಿಗೊಮ್ಮೆ ಅದರೊಳಗೆ ತೆಳುವಾದ ನಳಿಕೆ ಹಾಕಿ ಮೂತ್ರವನ್ನು ಖಾಲಿ ಮಾಡಿಕೊಳ್ಳುತ್ತದೆ, ಅಂಗಿಯ ಕೆಳಗೆ ಯಾರಿಗೂ ಕಾಣುವುದಿಲ್ಲ. ಇಂಥ ಮಕ್ಕಳು ಓದಿದ್ದಾರೆ, ದುಡಿದಿದ್ದಾರೆ, ಮದುವೆಯಾಗಿ ಮಕ್ಕಳನ್ನೂ ಪಡೆದಿದ್ದಾರೆ.

ತ್ಯಾವಣಿಗೆಯಲ್ಲೋ ಸುತ್ತಲ ಹಳ್ಳಿಯಲ್ಲೋ ಇಂಥ ಮಗು ಹುಟ್ಟಿದರೆ ಮೊದಲ ಗಂಟೆಗಳಲ್ಲಿ ಮಾಡಬೇಕಾದದ್ದು ಬಹಳವಿಲ್ಲ. ತೆರೆದ ಮೂತ್ರಕೋಶದ ಮೇಲೆ ಒಣಬಟ್ಟೆ, ಹತ್ತಿ, ಅರಿಶಿನ, ಎಣ್ಣೆ, ಪುಡಿ ಯಾವುದನ್ನೂ ಹಾಕಬಾರದು. ಒಣಬಟ್ಟೆ ಆ ಮೃದು ಪೊರೆಗೆ ಅಂಟಿ ಅದನ್ನು ಕೀಳುತ್ತದೆ. ಶುದ್ಧವಾದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಮೇಲೆ ಮುಚ್ಚಿ, ಬಟ್ಟೆ ಬದಲಿಸುವಾಗಲೆಲ್ಲ ಹಾಳೆಯನ್ನೂ ಬದಲಿಸಬೇಕು. ಹೊಕ್ಕುಳ ಬಳ್ಳಿಗೆ ಗಟ್ಟಿ ಪ್ಲಾಸ್ಟಿಕ್ ಕ್ಲಿಪ್ ಹಾಕಿದರೆ ಅದು ಪಕ್ಕದ ಮೂತ್ರಕೋಶವನ್ನು ಉಜ್ಜುತ್ತದೆ, ಆದ್ದರಿಂದ ದಾರದಿಂದ ಕಟ್ಟಲು ಹೇಳಬೇಕು. ಎದೆಹಾಲು ಎಂದಿನಂತೆ ಕೊಡಬಹುದು. ಅದೇ ದಿನ ದಾವಣಗೆರೆಯ ಮಕ್ಕಳ ವೈದ್ಯರಿಗೆ ತೋರಿಸಿ, ಅವರ ಚೀಟಿಯೊಂದಿಗೆ ಮಕ್ಕಳ ಶಸ್ತ್ರಚಿಕಿತ್ಸೆಯಲ್ಲಿ ಅನುಭವವಿರುವ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೆಂಗಳೂರಿನಲ್ಲಿ ಸರ್ಕಾರದ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರು 1963ರಲ್ಲಿ ಆರಂಭಿಸಿದ ಸಂತ ಜಾನ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಸರ್ಕಾರದ ಆರೋಗ್ಯ ಕಾರ್ಡಿನಿಂದ ಖರ್ಚಿನ ಎಷ್ಟು ಭಾಗ ಸಿಗುತ್ತದೆ ಎಂದು ಆಸ್ಪತ್ರೆಯ ಕೌಂಟರಿನಲ್ಲಿ ಮೊದಲೇ ವಿಚಾರಿಸಿ. ಬಸುರಿಯ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಮೂತ್ರಕೋಶ ತುಂಬಿದ್ದು ಕಾಣುವುದೇ ಇಲ್ಲ, ಹೊಕ್ಕುಳು ತೀರ ಕೆಳಗಿದೆ ಎಂದು ವೈದ್ಯರು ಹೇಳಿದರೆ ಗಾಬರಿಯಾಗದೆ, ಹೆರಿಗೆಯನ್ನೇ ಅಂಥ ಆಸ್ಪತ್ರೆಯಲ್ಲಿ ಮಾಡಿಸುವ ಯೋಚನೆ ಮಾಡಬಹುದು.

ಮತ್ತೆ ನಮ್ಮ ವೈದ್ಯರ ಕಡೆಗೆ ಬರೋಣ. ಮಕ್ಕಳ ಬಗೆಗಿನ ಅವರ ಗಮನ ಮೂತ್ರಕೋಶಕ್ಕೇ ಮುಗಿಯಲಿಲ್ಲ. ಹುಟ್ಟಿನಿಂದಲೇ ತೊಡೆಯ ಕೀಲು ತಪ್ಪಿದ ಮಕ್ಕಳು ಬಾತುಕೋಳಿಯಂತೆ ಅತ್ತಿತ್ತ ತೂಗಾಡುತ್ತ ನಡೆಯುವುದು ಏಕೆ ಎಂದು 1895ರಲ್ಲಿ ವಿವರಿಸಿದವರೂ ಅವರೇ. ಸೊಂಟವನ್ನು ಸಮವಾಗಿ ಹಿಡಿಯುವ ಪಕ್ಕದ ಸ್ನಾಯುಗಳು ಬಲಗುಂದಿದ್ದೇ ಕಾರಣ ಎಂದು ತೋರಿಸಿದರು. ಮಗುವನ್ನು ಒಂಟಿಕಾಲಿನಲ್ಲಿ ನಿಲ್ಲಿಸಿ ಸೊಂಟ ಯಾವ ಕಡೆ ವಾಲುತ್ತದೆಂದು ನೋಡುವ ಪರೀಕ್ಷೆಗೆ ಇಂದಿಗೂ ಅವರದೇ ಹೆಸರು. ಕಾಲಿನ ಉಬ್ಬಿದ ರಕ್ತನಾಳಗಳ ಚಿಕಿತ್ಸೆಯಲ್ಲೂ ಅವರ ಹೆಸರಿದೆ.

ಲೈಪ್‌ಜಿಗ್‌ನಲ್ಲಿ ಅವರು ಥೀರ್ಷರ ಸ್ಥಾನಕ್ಕೆ ಬಂದವರು. ಮೂತ್ರಕೋಶಕ್ಕೆ ಚರ್ಮ ಹೊದಿಸಿದವರ ಪೀಠದಲ್ಲಿ ಎಲುಬು ಮುಚ್ಚಲು ಹೊರಟವರು ಕುಳಿತರು. ಅಲ್ಲಿ ಅವರನ್ನು ಕಾಡಿದ್ದು ಇನ್ನೊಂದು ಸಾವು. ಶಸ್ತ್ರಕ್ರಿಯೆ ಸುಸೂತ್ರವಾಗಿ ಮುಗಿದು, ಗಾಯ ಒಣಗಿ, ರೋಗಿ ನಾಳೆ ಮನೆಗೆ ಹೋಗಬೇಕೆನ್ನುವಾಗ, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಹರಿದು ಹೋಗಿ ಶ್ವಾಸಕೋಶದ ದೊಡ್ಡ ರಕ್ತನಾಳವನ್ನು ಮುಚ್ಚಿ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುತ್ತಿತ್ತು. ಎದೆಯನ್ನು ತೆರೆದು, ಆ ರಕ್ತನಾಳವನ್ನು ಸೀಳಿ, ಹೆಪ್ಪನ್ನು ಇಕ್ಕಳದಿಂದ ತೆಗೆದು, ಮತ್ತೆ ಮುಚ್ಚಬೇಕು, ಅದೂ ನಿಮಿಷಗಳೊಳಗೆ. ಹೃದಯವನ್ನು ಮುಟ್ಟುವುದೇ ಸಾಹಸವೆಂದು ಎಣಿಸುತ್ತಿದ್ದ ಕಾಲವದು. ಟ್ರೆಂಡೆಲೆನ್‌ಬರ್ಗ್ ಮೊದಲು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಬಳಿಕ 1907 ಮತ್ತು 1908ರಲ್ಲಿ ಸಾಯುತ್ತಿರುವ ರೋಗಿಗಳ ಮೇಲೆ ಯತ್ನಿಸಿದರು. ಒಬ್ಬರೂ ಉಳಿಯಲಿಲ್ಲ. ಒಬ್ಬ ರೋಗಿ ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚು ಕಾಲ ಬದುಕಿದ್ದರು. ಅವರು ಅದನ್ನೂ ಮುಚ್ಚಿಡದೆ 1908ರಲ್ಲಿ ಬರೆದು ಪ್ರಕಟಿಸಿದರು.

1911ರಲ್ಲಿ ಲೈಪ್‌ಜಿಗ್‌ನಿಂದ ನಿವೃತ್ತರಾಗಿ ಬರ್ಲಿನಿನ ಅಂಚಿನಲ್ಲಿ ನೆಲೆಸಿದರು. ಮಕ್ಕಳಲ್ಲಿ ವಿಲ್ಹೆಲ್ಮ್ ಶರೀರಕ್ರಿಯಾಶಾಸ್ತ್ರದಲ್ಲೂ ಪೌಲ್ ಔಷಧಶಾಸ್ತ್ರದಲ್ಲೂ ಹೆಸರು ಮಾಡಿದರು. ಮಹಾಯುದ್ಧ ಬಂತು, ಜರ್ಮನಿ ಸೋತಿತು, ಹಣಕ್ಕೆ ಬೆಲೆಯಿಲ್ಲದ ವರ್ಷಗಳು ಬಂದವು. ಆ ಮುಪ್ಪಿನಲ್ಲಿ ಅವರು ತಮ್ಮ ಬಾಲ್ಯ ಯೌವನದ ನೆನಪುಗಳನ್ನು ಬರೆದರು. ಪುಸ್ತಕ 1924ರಲ್ಲಿ ಹೊರಬಂತು.

ಅದೇ ವರ್ಷ ಮಾರ್ಚ್ 18ರಂದು ಅವರ ಶಿಷ್ಯ ಮಾರ್ಟಿನ್ ಕಿರ್ಷ್ನರ್ ಕ್ಯೋನಿಗ್ಸ್‌ಬರ್ಗ್ ನಗರದಲ್ಲಿ ಒಬ್ಬ ಮಹಿಳೆಯ ಶ್ವಾಸಕೋಶದ ರಕ್ತನಾಳದಿಂದ ಗುರುಗಳು ತೋರಿಸಿದ ರೀತಿಯಲ್ಲೇ ಹೆಪ್ಪನ್ನು ತೆಗೆದರು. ಆ ಮಹಿಳೆ ಬದುಕಿದರು. ಗುರುಗಳಿಗೆ ಆಗ ಎಂಬತ್ತು ತುಂಬಲು ಎರಡು ತಿಂಗಳಿತ್ತು. ಡಿಸೆಂಬರ್ 15ರಂದು, ದವಡೆಯ ಕ್ಯಾನ್ಸರಿನಿಂದ, ಅವರು ಬರ್ಲಿನ್ ಬಳಿಯ ನಿಕೋಲಾಸ್ಸೇಯಲ್ಲಿ ಕಣ್ಣುಮುಚ್ಚಿದರು. ಹ್ಯೂ ಯಂಗರ ಆ ಹುಡುಗಿಯ ಸುದ್ದಿ ಬರಲು ಇನ್ನೂ ಹದಿನೆಂಟು ವರ್ಷಗಳಿದ್ದವು.